ಸ್ಟ್ಯಾನೇಜ್ ಎಡ್ಜ್‌ಗೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ಬೋದಾ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನಾವಿರೋದು ಶೆಫೀಲ್ಡ್‌ನಲ್ಲಿ. ಆಗಸ್ಟ್‌ನಲ್ಲಿ ಅಪ್ಪ ಅಮ್ಮ ಊರಿಂದ ಬರ್ತಿದಾರೆ, ಜೊತೆಗೆ ತಮ್ಮಾನೂ. ಪೀಕ್ ಡಿಸ್ಟ್ರಿಕ್ಟ್ ನ್ಯಾಷನಲ್ ಪಾರ್ಕಿನ ಸ್ಟ್ಯಾನೇಜ್ ಎಡ್ಜ್ ಅನ್ನೋ ಉದ್ದನೆ ಬಂಡೆಸಾಲು ತೋರಿಸ್ಬೇಕು ಅಂತ ತುಂಬಾ ಆಸೆ. ಅಮ್ಮಂಗೆ ಮಂಡಿ ನೋವು, ಸಮ ದಾರಿ ಆದ್ರೆ ನಡೀತಾರೆ, ಜಾಸ್ತಿ ಏರು ಆಗಲ್ಲ. ತಮ್ಮ ಬಾದಾಮಿಲಿ ಕ್ಲೈಂಬಿಂಗ್ ಮಾಡ್ತಾನೆ, ಇಲ್ಲೂ ಹತ್ಲೇಬೇಕಂತೆ. ಟ್ರೇನಲ್ಲಿ ಹೋಗೋದಾ ಕಾರಲ್ಲಾ? ಊಟಕ್ಕೆ ಸಣ್ಣ ಗ್ಯಾಸ್ ಸ್ಟೌ ಒಯ್ಬೋದಾ?

ಉತ್ತರ 1:
ಕಾರೇ ಒಳ್ಳೇದು. ಟ್ರೇನು ಹ್ಯಾದರ್‌ಸೇಜ್ ಊರಲ್ಲಿ ಇಳಿಸುತ್ತೆ, ಅಲ್ಲಿಂದ ಬಂಡೆಸಾಲಿಗೆ ಸುಮಾರು ಒಂದು ಗಂಟೆ ಏರೇ ಏರು, ಅಮ್ಮಂಗೆ ಹಿಂಸೆ ಆಗುತ್ತೆ. ಅಪ್ಪರ್ ಬರ್ಬೇಜ್ ಬ್ರಿಡ್ಜ್ ಹತ್ರ ಕಾರ್ ನಿಲ್ಸಿ, ರೋಡೇ ಅಷ್ಟು ಎತ್ತರದಲ್ಲಿರೋದ್ರಿಂದ ಏರು ಕಮ್ಮಿ, ಆದ್ರೂ ಅಲ್ಲಲ್ಲಿ ಕಲ್ಲು ಕೆಸರು ಇರುತ್ತೆ, ಒಳ್ಳೇ ಶೂ ಹಾಕ್ಸಿ. ಬಂಡೆಸಾಲು ಪೂರ್ತಿ ಐದಾರು ಕಿಲೋಮೀಟರ್ ಉದ್ದ ಇದೆ, ಎಲ್ಲಾ ನಡೀಬೇಕು ಅಂತೇನಿಲ್ಲ, ಅಮ್ಮಂಗೆ ಸಾಕಾದ ಕಡೆ ವಾಪಸ್ ತಿರುಗಿ. ವೀಕೆಂಡ್ ಆದ್ರೆ ಬೇಗ ಹೋಗಿ, ಪಾರ್ಕಿಂಗ್ ತುಂಬೋಗುತ್ತೆ. ಅಂಚಿಗೆ ಕಂಬಿ ಗಿಂಬಿ ಏನೂ ಇಲ್ಲ, ಗಾಳಿ ಜೋರಿದ್ರೆ ದೊಡ್ಡವರನ್ನ ಒಳಗಡೆ ದಾರೀಲೇ ನಡೆಸಿ. ಆಗಸ್ಟ್ ಆದ್ರೂ ಸ್ವೆಟರ್ ಇರ್ಲಿ.

ಉತ್ತರ 2:
ಆಗಸ್ಟ್ ಅಂದ್ರೆ ಹೆದರ್ ಅನ್ನೋ ಕುರುಚಲು ಗಿಡ ಹೂ ಬಿಡೋ ಕಾಲ, ಬಯಲೆಲ್ಲಾ ನೇರಳೆ, ಅಮ್ಮಂಗೆ ಖಂಡಿತ ಇಷ್ಟ ಆಗುತ್ತೆ. ಮೇಲಿನ ದಾರೀಲಿ ಬಂಡೆ ನೋಡ್ತಾ ಹೋಗಿ, ಅಲ್ಲಲ್ಲಿ ಬೋಗುಣಿ ಥರ ಕೊರೆದು ಪಕ್ಕದಲ್ಲಿ ನಂಬರ್ ಕೆತ್ತಿದಾರೆ, ಮಳೆನೀರು ಹರಿದು ಬರೋಕೆ ಸಣ್ಣ ಕಾಲುವೆ ಕೂಡ ಇದೆ. ಗ್ರೌಸ್ ಹಕ್ಕಿ ಕುಡೀಲಿ ಅಂತ ಮಾಡಿದ್ದು. ಅಪ್ಪಂಗೆ ಕೆಳಗೆ ಇಳಿಯೋಕಾದ್ರೆ ಬುಡದಲ್ಲಿ ಬಿದ್ದಿರೋ ಬೀಸೋ ಕಲ್ಲು ತೋರ್ಸಿ, ದೊಡ್ಡ ದೊಡ್ಡವು, ಗುಂಡಗೆ ಕಡೆದು ನಡುವೆ ತೂತು ಕೊರೆದು ರೆಡಿ ಮಾಡಿದ್ದು, ಕೊಳ್ಳೋರು ಇಲ್ದಂಗಾಗಿ ಅಲ್ಲೇ ಬಿಟ್ಟೋಗಿದಾರೆ. ಈ ನ್ಯಾಷನಲ್ ಪಾರ್ಕಿನ ಗುರುತೂ ಅದೇ ಕಲ್ಲು.

ಉತ್ತರ 3:
ತಮ್ಮನ ವಿಷಯ ಹೇಳ್ತೀನಿ. ಬಾದಾಮೀಲಿ ಹಗ್ಗ ಸಿಗಿಸೋಕೆ ಬಂಡೆಗೆ ಬೋಲ್ಟ್ ಹೊಡೆದಿರ್ತಾರೆ, ಇಲ್ಲಿ ಅದು ಇರಲ್ಲ, ಒಂದೂ ಹೊಡೆಯೋ ಹಾಗಿಲ್ಲ. ಬಿದ್ರೆ ಹಗ್ಗ ಹಿಡಿಯೋಕೆ ನಟ್ಟು, ಕ್ಯಾಮ್ ಅನ್ನೋ ಲೋಹದ ಸಲಕರಣೆ ಬಂಡೆ ಸಂದಿಗೆ ನಾವೇ ಸಿಗಿಸ್ತಾ ಹತ್ಬೇಕು, ಹಿಂದೆ ಬರೋನು ಬಿಚ್ಕೊಂಡು ಬರ್ತಾನೆ. ಅದನ್ನ ಕಲೀದೆ ಲೀಡ್ ಮಾಡೋದು, ಅಂದ್ರೆ ಮೊದಲು ಹತ್ತೋದು ಬೇಡ, ಗೊತ್ತಿರೋರ ಹಿಂದೆ ಎರಡನೆಯವನಾಗಿ ಹತ್ಲಿ. ಬಂಡೆ ಹೆಚ್ಚು ಎತ್ತರ ಇಲ್ಲ ಅಂತ ಸಲೀಸಾಗಿ ತಗೋಬಾರ್ದು. ಇಲ್ಲಿನ ಗ್ರಿಟ್‌ಸ್ಟೋನ್ ಅನ್ನೋ ಮರಳುಗಲ್ಲು ಬಲು ಒರಟು, ಸಂದೀಲಿ ಕೈ ತುರುಕಿದ್ರೆ ಕೈ ಹಿಂಭಾಗದ ಚರ್ಮ ಕಿತ್ತು ಬರುತ್ತೆ, ಟೇಪ್ ಸುತ್ಕೊಳ್ಳಿ. ಬಿಸಿಲಿಗೆ ಕೈ ಬೆವೆತು ಜಾರುತ್ತೆ, ಬೆಳಿಗ್ಗೆ ಅಥ್ವಾ ಸಂಜೆ ಒಳ್ಳೇದು. ವಸಂತದಲ್ಲಿ ಬರೋರಿಗೂ ಒಂದು ಮಾತು, ರಿಂಗ್ ಔಜೆಲ್ ಅಂತ ಎದೆ ಮೇಲೆ ಬಿಳಿ ಅರ್ಧಚಂದ್ರ ಇರೋ ಹಕ್ಕಿ ಈ ಬಂಡೇಲೇ ಗೂಡು ಕಟ್ಟುತ್ತೆ, ಆಗ ಬೋರ್ಡ್ ಹಾಕಿರೋ ಕಡೆ ದಯವಿಟ್ಟು ಹತ್ಬೇಡಿ.

ಉತ್ತರ 1:
ಸ್ಟೌ ಪ್ರಶ್ನೆ ಮರ್ತಿದ್ದೆ. ಒಯ್ಲೇಬೇಡಿ. ಕೆಳಗಡೆ ಪೀಟ್ ಮಣ್ಣು, ಅಂದ್ರೆ ಅರ್ಧ ಕೊಳೆತ ಗಿಡಗಳದ್ದು, ಒಂದ್ಸಲ ಹತ್ಕೊಂಡ್ರೆ ನೆಲದೊಳಗೇ ಉರೀತಾ ಇರುತ್ತೆ, 2018ರಲ್ಲಿ ಮ್ಯಾಂಚೆಸ್ಟರ್ ಹತ್ರದ ಸ್ಯಾಡಲ್‌ವರ್ತ್ ಮೂರ್ ಅನ್ನೋ ಪೀಟ್ ಬಯಲಿನ ಬೆಂಕಿ ಆರಿಸೋಕೆ ಸೈನ್ಯ ಕರೆಸ್ಬೇಕಾಯ್ತು. ಪುಳಿಯೋಗರೆ ಕಟ್ಕೊಳ್ಳಿ, ಕಾಫಿ ಫ್ಲಾಸ್ಕ್‌ನಲ್ಲಿ ಒಯ್ರಿ.