ಮಗಳ ಐ-94 ಮತ್ತು ಹರಿಹರದ ಸೇತುವೆ

ರಜೆಗೆ ದಾವಣಗೆರೆಗೆ ಬಂದಿದ್ದೇನೆ. ಪಿ.ಜೆ. ಬಡಾವಣೆಯ ಅಮ್ಮನ ಮನೆಯ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಒಗ್ಗರಣೆ ಮಂಡಕ್ಕಿಯ ತಟ್ಟೆ ಇದೆ, ಹಾಗಾಗಿ ನಡುವೆ ಎಲ್ಲಾದರೂ ತಪ್ಪು ಅಕ್ಷರ ಬಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರು: ‘ಮಗನ ಪಾಸ್‌ಪೋರ್ಟ್ ರಿನ್ಯೂ ಆಯ್ತು, ಇನ್ನೇನಾದರೂ ಮಾಡಬೇಕಾ?’ ಮೂರ್ನಾಲ್ಕು ಜನ ‘ಏನೂ ಬೇಡ, ಆರಾಮಾಗಿರಿ’ ಅಂದರು. ದಯವಿಟ್ಟು ಆರಾಮಾಗಿರಬೇಡಿ. ಕಳೆದ ವರ್ಷ ಇದೇ ಆರಾಮದಿಂದಾಗಿ ನಾವು ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ನಯಾಗರದವರೆಗೆ ಕಾರು ಓಡಿಸಿಕೊಂಡು ಹೋಗಿ, ಕೆನಡಾಕ್ಕೆ ಕಾಲಿಟ್ಟು, ಅದೇ ದಿನ ವಾಪಸ್ ಬಂದೆವು.

ಆದದ್ದಿಷ್ಟು. ನನ್ನದು ಎಚ್-1ಬಿ, ಅಂದರೆ ಅಮೆರಿಕದ ಕೆಲಸದ ವೀಸಾ. ಗಂಡ, ಮಗಳು ಎಚ್-4, ಅದು ಎಚ್-1ಬಿಯವರ ಮನೆಯವರಿಗೆ ಕೊಡುವ ವೀಸಾ. ಮಗಳಿಗೆ ಈಗ ಒಂಬತ್ತು ವರ್ಷ. ಅವಳು ನಾಲ್ಕು ವರ್ಷದವಳಿದ್ದಾಗ ಹುಬ್ಬಳ್ಳಿಗೆ ಹೋಗಿ ಮಾಡಿಸಿದ್ದ ಪಾಸ್‌ಪೋರ್ಟ್ ಅದು. ನಮ್ಮದು ಹತ್ತು ವರ್ಷ ನಡೆಯುತ್ತದೆ, ಸಣ್ಣ ಮಕ್ಕಳದ್ದು ಐದೇ ವರ್ಷ. ಇದು ನಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ಅಮೆರಿಕಕ್ಕೆ ಇಳಿದಾಗ ಅಧಿಕಾರಿ ಪಾಸ್‌ಪೋರ್ಟಿನ ಕೊನೆ ದಿನ ನೋಡುತ್ತಾರೆ. ನನ್ನ ಎಚ್-1ಬಿ ಅರ್ಜಿ 2027ರವರೆಗೆ ಮಂಜೂರಾಗಿದ್ದರೂ ಮಗಳ ಐ-94, ಅಂದರೆ ಒಳಗೆ ಬಿಡುವಾಗ ಮಾಡುವ ಪ್ರವೇಶದ ದಾಖಲೆ, ಅವಳ ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ನಿಂತಿತ್ತು. ಅಂದರೆ ಕಳೆದ ನವೆಂಬರ್. ವೀಸಾ ಚೀಟಿಯಲ್ಲಿ ಯಾವ ತಾರೀಖಾದರೂ ಇರಲಿ, ಒಳಗೆ ಎಷ್ಟು ದಿನ ಇರಬಹುದು ಅಂತ ಹೇಳುವುದು ಐ-94. ಪಾಸ್‌ಪೋರ್ಟ್ ಹೊಸದಾದರೆ ಅದು ತಾನಾಗಿ ಮುಂದಕ್ಕೆ ಹೋಗುವುದಿಲ್ಲ.

ನಾವು ಆಗಸ್ಟಿನಲ್ಲೇ ಹೊಸ ಪಾಸ್‌ಪೋರ್ಟ್ ಮಾಡಿಸಿ, ದೊಡ್ಡ ಕೆಲಸ ಮುಗಿಯಿತು ಅಂತ ಬೀರುವಿನಲ್ಲಿ ಇಟ್ಟಿದ್ದೆವು. ಸೆಪ್ಟೆಂಬರ್‌ನಲ್ಲಿ ಆಫೀಸಿನ ವಕೀಲರು ಬೇರೇನೋ ಕೆಲಸಕ್ಕೆ ಮೂವರ ಐ-94 ಕಳಿಸಿ ಅಂದರು. ಮಗಳದ್ದನ್ನು ಡೌನ್‌ಲೋಡ್ ಮಾಡಿ ನೋಡಿದೆ. ಇನ್ನೊಂದು ಸಲ ನೋಡಿದೆ. ಆಮೇಲೆ ನಮ್ಮವರನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದೆ. ಇವತ್ತಿಗೂ ಯಾಕೆ ಬಾಗಿಲು ಹಾಕಿದೆನೋ ಗೊತ್ತಿಲ್ಲ, ಸುಮ್ನೆ ಭಯ.

ಎರಡು ದಾರಿ ಇದ್ದವು. ಒಂದು, ತಾರೀಖು ಮುಗಿಯುವ ಮೊದಲೇ ಐ-539, ಅಂದರೆ ಇರುವ ಅವಧಿ ಮುಂದುವರಿಸಿ ಅಂತ ಕೇಳುವ ಅರ್ಜಿ ಹಾಕಿ ಅಲ್ಲೇ ಕಾಯುವುದು. ಎರಡು, ದೇಶ ಬಿಟ್ಟು ಹೊರಗೆ ಹೋಗಿ ಹೊಸ ಪಾಸ್‌ಪೋರ್ಟ್ ತೋರಿಸಿ ಒಳಗೆ ಬರುವುದು. ವಿಮಾನ ನಿಲ್ದಾಣದ ಕಚೇರಿಗೆ ಹೋದರೆ ಸರಿಮಾಡಿಕೊಡುತ್ತಾರೆ ಅಂತ ಯಾರೋ ಹೇಳಿದರು. ಅಲ್ಲಿ ತಿದ್ದುವುದು ಅಧಿಕಾರಿಯ ತಪ್ಪನ್ನು. ನಮ್ಮದರಲ್ಲಿ ಯಾರ ತಪ್ಪೂ ಇರಲಿಲ್ಲವಲ್ಲ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವ ತಾಳ್ಮೆ ನನಗಿಲ್ಲ. ಗಡಿಗೆ ಹೋಗೋಣ ಅಂದೆ.

ಕೆನಡಾಕ್ಕೆ ಹೋಗಲು ಭಾರತದ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕು. ನಮ್ಮಿಬ್ಬರಿಗೆ ಹಿಂದೆ ಟೊರೊಂಟೊದ ಒಂದು ಮದುವೆಗೆ ಮಾಡಿಸಿದ್ದು ಇತ್ತು. ಮಗಳದ್ದು ಹಳೆ ಪಾಸ್‌ಪೋರ್ಟಿನ ಜೊತೆಗೇ ಮುಗಿಯುತ್ತಿತ್ತು, ಹೊಸದು ಬೇಕಾಯಿತು. ಹದಿನಾಲ್ಕರ ಒಳಗಿನ ಮಕ್ಕಳಿಗೆ ಬೆರಳಚ್ಚು ಬೇಡ, ಅಷ್ಟು ಪುಣ್ಯ. ಆದರೂ ಐದು ವಾರ ಹೋಯಿತು. ಆ ಐದು ವಾರ ಟಪಾಲು ಡಬ್ಬಿಯನ್ನು ದಿನಕ್ಕೆ ಮೂರು ಸಲ ತೆರೆದಿದ್ದೇನೆ. (ಟೆಕ್ಸಾಸ್ ಕಡೆ ಇರುವವರಿಗೆ ಮೆಕ್ಸಿಕೊ ಸುಲಭ. ಅಮೆರಿಕದ ಚಾಲ್ತಿ ವೀಸಾ ಇದ್ದರೆ ಮೆಕ್ಸಿಕೊದ ವೀಸಾ ಬೇರೆ ಬೇಡ.)

ಅಕ್ಟೋಬರ್ ಕೊನೆಯ ಶನಿವಾರ, ಬೆಳಗಿನ ನಾಲ್ಕಕ್ಕೆ ಹೊರಟೆವು. ಚಿತ್ರಾನ್ನ, ಮೊಸರು, ಫ್ಲಾಸ್ಕಿನಲ್ಲಿ ಚಹಾ. ಹತ್ತಿರ ಹತ್ತಿರ 385 ಕಿಲೋಮೀಟರ್. ನಮ್ಮೂರ ಲೆಕ್ಕದಲ್ಲಿ ಹೇಳಬೇಕೆಂದರೆ ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಶಿರಾದವರೆಗೆ ವಾಪಸ್ ಬಂದಷ್ಟು. ಮಗಳಿಗೆ ‘ಫಾಲ್ಸ್ ನೋಡೋಕೆ’ ಅಂತ ಹೇಳಿದ್ದೆವು. ನಿಜ ಹೇಳೋಣ ಅಂತ ನಾನು ಅಂದೆ, ಮಗುವಿಗೆ ಯಾಕೆ ಇದೆಲ್ಲ ಅಂತ ಅವರು ಅಂದರು. ಅವರ ಮಾತಿಗೆ ಹೂಂ ಅಂದದ್ದು ನನ್ನ ತಪ್ಪು.

ರೇನ್‌ಬೋ ಸೇತುವೆ ದಾಟಿದೆವು. ಕೆನಡಾದಲ್ಲಿ ಎರಡು ಗಂಟೆ ಇದ್ದೆವು, ಅದರಲ್ಲಿ ಜಲಪಾತ ನೋಡಿದ್ದು ಇಪ್ಪತ್ತು ನಿಮಿಷ. ಜಾಸ್ತಿ ಹೊತ್ತು ಹೋದದ್ದು ಪಾರ್ಕಿಂಗ್ ಹುಡುಕುವುದಕ್ಕೆ.

ಈಗ ಮುಖ್ಯವಾದ ಮಾತು. ವಾಪಸ್ ಬರುವಾಗ ಬೂತಿನಲ್ಲಿದ್ದ ಅಧಿಕಾರಿ ಪಾಸ್‌ಪೋರ್ಟ್‌ಗಳನ್ನು ನೋಡಿ, ಎಲ್ಲಿಂದ ಬಂದಿರಿ ಅಂತ ಕೇಳಿ, ವಾಪಸ್ ಕೊಟ್ಟು ‘ಹೋಗಿ’ ಅಂದುಬಿಟ್ಟರು! ನಮ್ಮವರು ಖುಷಿಯಾಗಿ ಬ್ರೇಕಿನಿಂದ ಕಾಲು ತೆಗೆಯುತ್ತಿದ್ದರು. ನಾನು ಅವರ ತೋಳು ಹಿಡಿದೆ. ವಿಮಾನದಲ್ಲಿ ಇಳಿದರೆ ಐ-94 ತಾನಾಗಿ ಹೊಸದಾಗುತ್ತದೆ. ರಸ್ತೆಯ ಗಡಿಯಲ್ಲಿ ಹಾಗಲ್ಲ. ಹಳೆಯದಕ್ಕೆ ಇನ್ನೂ ಅವಧಿ ಇದ್ದರೆ ಅದರ ಮೇಲೆಯೇ ಒಳಗೆ ಬಿಡುತ್ತಾರೆ. ಆಗ ಅಷ್ಟು ದೂರ ಹೋದದ್ದೆಲ್ಲ ದಂಡ. ‘ಮಗಳಿಗೆ ಹೊಸ ಐ-94 ಬೇಕು’ ಅಂತ ಬಾಯಿಬಿಟ್ಟು ಕೇಳಲೇಬೇಕು. ಕೇಳಿದೆ. ಕಾರು ಪಕ್ಕಕ್ಕೆ ನಿಲ್ಲಿಸಿ ಒಳಗೆ ಹೋಗಿ ಅಂದರು.

ಒಳಗೆ ಸಾಲು ಕುರ್ಚಿಗಳು. ಕೌಂಟರಿನವರು ಎರಡೂ ಪಾಸ್‌ಪೋರ್ಟ್ ಕೇಳಿದರು. ವೀಸಾ ಇದ್ದದ್ದು ಮೂಲೆ ಕತ್ತರಿಸಿದ ಹಳೆಯದರಲ್ಲಿ, ಹೊಸದೆಲ್ಲ ಖಾಲಿ ಪುಟ. ಹಳೆಯದನ್ನು ಮನೆಯಲ್ಲಿ ಬಿಟ್ಟು ಬಂದಿದ್ದರೆ ಅಲ್ಲೇ ಮುಗಿಯುತ್ತಿತ್ತು ಕಥೆ. ನನ್ನ ಐ-797, ಅಂದರೆ ಅರ್ಜಿ ಮಂಜೂರಾದ ಪತ್ರ ನೋಡಿದರು. 30 ಡಾಲರ್ ಕಟ್ಟಿಸಿಕೊಂಡರು. 2025ರ ಸೆಪ್ಟೆಂಬರ್ 30ಕ್ಕಿಂತ ಮೊದಲೇ ಹೋಗಿದ್ದರೆ ಇದು 6 ಡಾಲರ್ ಆಗಿರುತ್ತಿತ್ತು! ಮೊದಲೇ ಆನ್‌ಲೈನಿನಲ್ಲಿ ತುಂಬಿ ಹಣ ಕಟ್ಟಿ ಹೋದರೂ ಆಗುತ್ತದೆ, ಏಳು ದಿನದೊಳಗೆ ಗಡಿ ಮುಟ್ಟಬೇಕು. ಕಟ್ಟಡದಿಂದ ಹೊರಗೆ ಬರುವ ಮೊದಲೇ ಫೋನಿನಲ್ಲಿ ತೆಗೆದು ತಾರೀಖು ನೋಡಿದೆ. 2027. ನೀವೂ ಅಲ್ಲೇ ನೋಡಿ. ಮನೆಗೆ ಬಂದು ನೋಡಿದರೆ ಮತ್ತೆ ನಾಲ್ಕು ಗಂಟೆಯ ದಾರಿ.

ವೀಸಾ ಚೀಟಿಯೇ ಮುಗಿದಿದ್ದವರ ಕಥೆ ಬೇರೆ. ಚಾಲ್ತಿ ಐ-94 ಇದ್ದು, 30 ದಿನದೊಳಗೆ ಕೆನಡಾ ಅಥವಾ ಮೆಕ್ಸಿಕೊದಿಂದ ಮರಳಿದರೆ ಮುಗಿದ ವೀಸಾದಲ್ಲೂ ಬಿಡುವ ನಿಯಮ ಇದೆ. ಆದರೆ ಅಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕಿದರೆ ಆ ಅನುಕೂಲ ಹೋಗುತ್ತದೆ. ಅಂಥವರು ವಕೀಲರನ್ನು ಕೇಳದೆ ಸೇತುವೆ ಹತ್ತಬೇಡಿ. ಕೆನಡಾದಲ್ಲಿರುವ ನಮ್ಮ ಜನ ಇದೇ ರೀತಿ ಅಮೆರಿಕದ ಗಡಿ ಮುಟ್ಟಿ ತಿರುಗಿ ಬಂದು ವರ್ಕ್ ಪರ್ಮಿಟ್ ಮಾಡಿಸಿಕೊಳ್ಳುತ್ತಿದ್ದರು. 2024ರ ಡಿಸೆಂಬರ್ 23ರಿಂದ ಅದು ಹೆಚ್ಚಿನವರಿಗೆ ಬಂದ್ ಆಗಿದೆ.

ಇಷ್ಟೇ ಆಗಿದ್ದರೆ ನಾಲ್ಕು ಸಾಲಿನಲ್ಲಿ ಬರೆದು ಮುಗಿಸುತ್ತಿದ್ದೆ. ಆ ಕುರ್ಚಿಯ ಮೇಲೆ ಕೂತು ಮಗಳು ಕೇಳಿದಳು: ‘ಅಮ್ಮ, ನಾವು ಬಂದಿದ್ದು ಫಾಲ್ಸ್ ನೋಡೋಕಲ್ಲ, ಅಲ್ವಾ?’ ಸ್ವಲ್ಪ ಬಿಟ್ಟು, ‘ನನ್ನ ಹೆಸರು ಮಾತ್ರ ಯಾಕೆ ಕರೆದ್ರು?’ ನಾನು ಏನೋ ತಡವರಿಸಿದೆ. ಸೋಮವಾರ ಅವಳು ಶಾಲೆಯಲ್ಲಿ, ನನ್ನನ್ನು ದೇಶದಿಂದ ಆಚೆ ಕಳಿಸಿ ಮತ್ತೆ ಒಳಗೆ ಬಿಟ್ಟರು ಅಂತ ಹೇಳಿದ್ದಾಳೆ. ಸಂಜೆ ಅವಳ ಗೆಳತಿಯ ತಾಯಿ ಫೋನ್ ಮಾಡಿದರು. ಅವರ ದನಿಯಲ್ಲಿದ್ದ ಮರುಕ ಇನ್ನೂ ಕಿವಿಯಲ್ಲಿದೆ. ಮೊದಲೇ ‘ನಿನ್ನ ಪಾಸ್‌ಪೋರ್ಟಿಗೆ ಐದು ವರ್ಷ, ನಮ್ಮದಕ್ಕೆ ಹತ್ತು, ಅದಕ್ಕೇ ತಾರೀಖು ಬೇರೆ’ ಅಂದಿದ್ದರೆ ಅವಳಿಗೆ ಅದೊಂದು ಗುಣಾಕಾರದ ಲೆಕ್ಕ ಆಗಿರುತ್ತಿತ್ತು. ಒಂಬತ್ತು ವರ್ಷದ ಮಗುವಿಗೆ ಅಷ್ಟು ಅರ್ಥವಾಗುತ್ತದೆ.

ಇಲ್ಲಿಗೆ ಬಂದ ಮೇಲೆ ಈ ಕಥೆಯನ್ನು ಅವಳೇ ಅಜ್ಜನಿಗೆ ಹೇಳಿದಳು. ಅಪ್ಪ ಪೂರ್ತಿ ಕೇಳಿಸಿಕೊಂಡರು. ಮರುದಿನ ಇಬ್ಬರೂ ಹರಿಹರಕ್ಕೆ ಹೊರಟರು, ನಾನೂ ಹಿಂದೆಯೇ ಹೋದೆ. ಹರಿಹರೇಶ್ವರನಿಗೆ ಕೈಮುಗಿದು ಹೊಳೆಯ ಕಡೆ ಹೋದೆವು. ಅಪ್ಪ ಸೇತುವೆಯ ಮೇಲೆ ನಿಂತು ಆಚೆ ದಡದ ಕುಮಾರಪಟ್ಟಣದ ಕಡೆ ಕೈ ತೋರಿಸಿದರು. ‘ನೋಡವ್ವಾ, ನಾನು ಆರು ವರ್ಷದ ಹುಡುಗ ಇದ್ದಾಗ ಈ ಕಡೆ ಮೈಸೂರು, ಆ ಕಡೆ ಮುಂಬಯಿ. 1956ರ ನವೆಂಬರ್ ಒಂದಕ್ಕೆ ಎರಡೂ ಸೇರಿದ್ದು. ನಮ್ಮಜ್ಜಿ ರಾಣೆಬೆನ್ನೂರಿನವಳು. ತವರಿಗೆ ಹೋಗೋದಂದ್ರೆ ಬೇರೆ ಸೀಮೆಗೇ ಹೋದಂಗೆ.’

‘ಆಫೀಸರ್ ಎಲ್ಲಿ ಕೂತಿರ್ತಿದ್ರು?’ ಮಗಳು ಕೇಳಿದಳು.

‘ನಮ್ಮನ್ನಂತೂ ಯಾರೂ ತಡೆದಿದ್ದು ನೆನಪಿಲ್ಲ.’

‘ನಿಮ್ಮಜ್ಜಿಗೆ ಐ-94 ಇರಲಿಲ್ವಾ?’

‘ಬುತ್ತಿಗಂಟು ಇತ್ತು’ ಅಂದರು ಅಪ್ಪ. ಅವಳು ನಕ್ಕಳು. ಅಕ್ಟೋಬರ್‌ನಿಂದ ಈಚೆಗೆ ಆ ವಿಷಯಕ್ಕೆ ಅವಳು ನಕ್ಕದ್ದು ಅದೇ ಮೊದಲು.

ನಿನ್ನೆ ಪಕ್ಕದ ಮನೆಯವರು ‘ಅಷ್ಟು ಒದ್ದಾಡ್ಕೊಂಡು ಅಲ್ಲೇ ಯಾಕಿರಬೇಕು?’ ಅಂದರು. ಉತ್ತರ ಕೊಡಲಿಲ್ಲ, ಕೊಟ್ಟರೆ ಮಧ್ಯಾಹ್ನದ ಊಟ ತಪ್ಪುತ್ತಿತ್ತು.

ಅಪ್ಪನಿಗೆ ಒಂದು ಅಭ್ಯಾಸ ಇದೆ. ಸ್ಟೀಲ್ ಬೀರುವಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿ, ಗ್ಯಾಸ್ ಸಿಲಿಂಡರ್ ಹಾಕಿದ ದಿನ, ಸ್ಕೂಟರಿನ ವಿಮೆ, ಎಲ್‌ಐಸಿ ಕಂತು ಎಲ್ಲ ಪೆನ್ಸಿಲಿನಲ್ಲಿ ಬರೆದಿಡುತ್ತಾರೆ. ಹರಿಹರದಿಂದ ಬಂದ ಸಂಜೆ ಕನ್ನಡಕ ಹಾಕಿಕೊಂಡು ಬೀರು ತೆರೆದರು. ಎಲ್‌ಐಸಿಯ ಕೆಳಗೆ ಮೊಮ್ಮಗಳ ಹೆಸರು ಬರೆದು, ಐ-94ರ ತಾರೀಖು, ಪಾಸ್‌ಪೋರ್ಟಿನ ತಾರೀಖು ಎರಡನ್ನೂ ನನ್ನಿಂದ ಹೇಳಿಸಿಕೊಂಡು ಬರೆದರು. ಸೀಸ ಮೊಂಡಾಗಿತ್ತು. ಮಗಳು ಪೆನ್ಸಿಲ್ ಇಸಿದುಕೊಂಡು, ಚೂಪು ಮಾಡಿ, ಆ ಅಂಕಿಗಳ ಮೇಲೆ ಇನ್ನೊಂದು ಸಲ ತಿದ್ದಿದಳು.