ಕಂಟೇನರಿನ ‘ಸ್ಟಾಪ್’ ಮತ್ತು ‘ಕಿಲ್’: ಎರಡಕ್ಕೂ ‘ನಿಲ್ಲಿಸು’ ಸಾಕೆ?

ಮಾನ್ಯರೆ,

ಮಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಡಾಕರ್ (ಪ್ರೋಗ್ರಾಮುಗಳನ್ನು ಅವಕ್ಕೆ ಬೇಕಾದುದರೊಡನೆ ‘ಕಂಟೇನರ್’ ಎಂಬ ಪ್ರತ್ಯೇಕ ಆವರಣದಲ್ಲಿಟ್ಟು ಓಡಿಸುವ ತಂತ್ರಾಂಶ) ಕುರಿತು ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಕಂಟೇನರ್’ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಪಣಂಬೂರು ಬಂದರಿನ ದಾರಿಯಲ್ಲಿ ದಿನವೂ ಕಂಟೇನರ್ ಲಾರಿಗಳನ್ನು ಕಾಣುವವರಿಗೆ ‘ಧಾರಕ’ ಎಂದು ಬರೆದು ಆಮೇಲೆ ಅರ್ಥ ಬಿಡಿಸುವುದು ವೃಥಾ ಶ್ರಮ. ತೊಡಕಿರುವುದು ಕ್ರಿಯಾಪದಗಳಲ್ಲಿ.

ಓಡುತ್ತಿರುವ ಕಂಟೇನರಿಗೆ ‘ಡಾಕರ್ ಸ್ಟಾಪ್’ ಎಂಬ ಆದೇಶ ಕೊಟ್ಟರೆ ಅದರೊಳಗಿನ ಮುಖ್ಯ ಪ್ರೋಗ್ರಾಮಿಗೆ ಮೊದಲು ‘ಸಿಗ್‌ಟರ್ಮ್’ ಎಂಬ ಸೂಚನೆ ಹೋಗುತ್ತದೆ. ಕೈಯಲ್ಲಿರುವ ಕೆಲಸವನ್ನು ಮುಗಿಸಿಕೊಳ್ಳಲು ಸಾಮಾನ್ಯವಾಗಿ 10 ಸೆಕೆಂಡುಗಳ ಅವಕಾಶವಿರುತ್ತದೆ. ಅಷ್ಟರಲ್ಲಿ ಅದು ಮುಗಿಸದಿದ್ದರೆ ಮಾತ್ರ, ತಟ್ಟನೆ ನಿಲ್ಲಿಸಿಬಿಡುವ ‘ಸಿಗ್‌ಕಿಲ್’ ಸೂಚನೆ ಎರಗುತ್ತದೆ. ‘ಡಾಕರ್ ಕಿಲ್’ ಆದರೋ, ಬೇರೆ ಸೂಚನೆಯನ್ನು ಹೆಸರಿಸದ ಹೊರತು, ಮೊದಲಿಗೇ ಆ ಕೊನೆಯ ಪೆಟ್ಟನ್ನು ಕೊಡುತ್ತದೆ. ನನ್ನ ಮೊದಲ ಕರಡಿನಲ್ಲಿ ಎರಡಕ್ಕೂ ‘ನಿಲ್ಲಿಸು’ ಎಂದೇ ಇತ್ತು. ಅದನ್ನು ಓದಿದ ವಿದ್ಯಾರ್ಥಿಯೊಬ್ಬ, ಎರಡೂ ಒಂದೇ ಎಂದುಕೊಂಡು, ಡೇಟಾಬೇಸ್ ಇದ್ದ ಕಂಟೇನರಿಗೆ ‘ಕಿಲ್’ ಕೊಟ್ಟು, ತೆರೆಯ ಮೇಲೆ 137 ಎಂಬ ನಿರ್ಗಮನ ಸಂಖ್ಯೆ ಏಕೆ ಬಂತೆಂದು ಕೇಳಿದ. ಪ್ರೋಗ್ರಾಮು ಸೂಚನೆಯೊಂದರಿಂದ ನಿಂತಿತೆಂದು ತಿಳಿಸುವ 128ಕ್ಕೆ ಸಿಗ್‌ಕಿಲ್‌ನ ಅಂಕಿಯಾದ 9 ಕೂಡಿದರೆ 137. ತಪ್ಪು ಅವನದ್ದಲ್ಲ, ನನ್ನ ಕ್ರಿಯಾಪದದ್ದು.

‘ಕೊಲ್ಲು’ ಎನ್ನೋಣವೆಂದರೆ, ಕಿವಿಗೆ ಒರಟಾಗಿರುವುದು ಹಾಗಿರಲಿ, ಅರ್ಥವೇ ಕೂಡಿಬರುವುದಿಲ್ಲ. ‘ಕಿಲ್’ ಮಾಡಿದ ಕಂಟೇನರ್ ಸಾಮಾನ್ಯವಾಗಿ ಅಳಿಯದೆ ಉಳಿದಿರುತ್ತದೆ. ‘ಡಾಕರ್ ಸ್ಟಾರ್ಟ್’ ಎಂದರೆ ಮತ್ತೆ ಏಳುತ್ತದೆ. ಅದನ್ನು ಇಲ್ಲವಾಗಿಸಲು ‘ಆರ್‌ಎಂ’ ಎಂಬ ಬೇರೆ ಆದೇಶವೇ ಇದೆ. ಪತ್ತನಾಜೆಗೆ (ತುಳುವರ ಬೇಶ ತಿಂಗಳ ಹತ್ತನೆಯ ದಿನ) ನಮ್ಮ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದಾಗ ಆ ವರ್ಷದ ತಿರುಗಾಟ ಮುಗಿಯುತ್ತದೆಯೇ ಹೊರತು ಮೇಳ ಮುಗಿಯುವುದಿಲ್ಲ. ‘ಸ್ಟಾಪ್’ನ ಭಾವವೂ ಬಹುಮಟ್ಟಿಗೆ ಅದೇ. ಆದರೆ ಕೈಪಿಡಿಯಲ್ಲಿ ‘ಕಂಟೇನರಿನ ಗೆಜ್ಜೆ ಬಿಚ್ಚಿ’ ಎಂದು ಬರೆಯುವ ಧೈರ್ಯ ನನಗಿಲ್ಲ.

ಸದ್ಯಕ್ಕೆ ‘ಸ್ಟಾಪ್’ಗೆ ‘ನಿಲ್ಲಿಸು’ ಎಂದೂ, ನಡುವೆ ಹಿಡಿದಿಟ್ಟು ಮತ್ತೆ ಅಲ್ಲಿಂದಲೇ ಮುಂದುವರಿಯಲು ಬಿಡುವ ‘ಪಾಝ್’ಗೆ (pause) ‘ತಡೆದಿಡು’ ಎಂದೂ ಇಟ್ಟುಕೊಂಡಿದ್ದೇನೆ. ಪತ್ರಿಕೆಗಳ ‘ಸ್ಥಗಿತಗೊಳಿಸು’ ಈ ಎರಡರಲ್ಲಿ ಯಾವುದನ್ನು ಹೇಳುತ್ತದೆಂದು ತಿಳಿಯದಾದ್ದರಿಂದ ಬಿಟ್ಟೆ. ‘ಕಿಲ್’ಗೆ ‘ಬಲವಂತವಾಗಿ ನಿಲ್ಲಿಸು’ ಅರ್ಥಕ್ಕೆ ಸರಿ, ಆದರೆ ಸಾಲುಸಾಲಿನಲ್ಲೂ ಬಂದಾಗ ಉದ್ದವೆನಿಸುತ್ತದೆ. ಓಡುವ ಯಂತ್ರವನ್ನು ಕೆಲಸದ ನಡುವೆಯೇ ತಟ್ಟನೆ ನಿಲ್ಲಿಸುವುದಕ್ಕೆ ಅಕ್ಕಿ ಗಿರಣಿಯಲ್ಲೋ ಮೀನುಗಾರಿಕೆಯ ದೋಣಿಯಲ್ಲೋ ಬಳಸುವ ಒಂದೇ ಪದದ ಕನ್ನಡ ಕ್ರಿಯಾಪದವನ್ನು ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ, ಯಾವ ಊರಿನಲ್ಲಿ, ಯಾವ ವಾಕ್ಯದಲ್ಲಿ ಎಂಬುದನ್ನೂ ದಯವಿಟ್ಟು ತಿಳಿಸಿ.