ತೀರ್ಥನ್ ಹೊಳಿ ಟ್ರೌಟ್‌ಗೆ ನಮ್ಮ ಕೆರಿ ರಾಡ್ ನಡೀತೈತೇನ್ರಿ?

ಉಣಕಲ್ ದಂಡಿಯಂವ (ಹುಬ್ಬಳ್ಳಿ):
ನಮಸ್ಕಾರ್ರೀ ಎಲ್ಲಾರ್ಗೂ. ಸಣ್ಣಂವ ಇದ್ದಾಗಿಂದ ಗಾಳ ಹಾಕ್ಕೋತ ಬಂದೀನಿ, ಹೆಚ್ಚಾಗಿ ಕೆರಿಯ ಕಟ್ಲಾ ರೋಹು ಮೀನ, ಮತ್ತ ಹಾವೇರಿ ಕಡೆ ಮಾವನ ಊರಿಗೆ ಹೋದಾಗ ವರದಾ ಹೊಳಿ. ಬರೋ ಏಪ್ರಿಲ್‌ದಾಗ ನಾಲ್ಕು ಮಂದಿ ಗೆಳೆಯಾರು ಹಿಮಾಚಲಕ್ಕ ಹೊಂಟೀವಿ, ಇಲ್ಲಿಂದ ಸಂಪರ್ಕ ಕ್ರಾಂತಿ ಹತ್ತಿ ಚಂಡೀಗಡ, ಅಲ್ಲಿಂದ ಬಸ್ಸು, ತೀರ್ಥನ್ ಕಣಿವಿಯೊಳಗ ಮೂರು ದಿನ ಇರೋದು. ಟ್ರೌಟ್ ಅನ್ನೋ ತಣ್ಣೀರಿನ ಮೀನ ಹಿಡೀಬೇಕನ್ನೋದು ನಂದು ಭಾಳ ವರ್ಷದ ಆಸೆ. ನನ್ನ ಹತ್ರ ಇರೋದು 10 ಫೂಟಿನ ಗಟ್ಟಿ ರಾಡ್, 5000 ಸೈಜ್ ರೀಲ್ (ತಂಗೂಸಿ ಸುತ್ತೋ ಗಾಲಿ), 20 ಪೌಂಡ್ ಭಾರ ತಡಿಯೋ ತಂಗೂಸಿ. ಇದನ್ನ ಒಯ್ಲೋ ಹೊಸಾದು ತೊಗೊಳ್ಳೋ? 6000 ರೂಪಾಯಿ ತನಕಾ ಖರ್ಚು ಮಾಡಬಹುದು. ಫ್ಲೈ ಫಿಶಿಂಗ್ (ಹುಳದಂಗ ಕಾಣೋ ಹಗುರ ನಕಲಿ ಗಾಳ, ಅಂದ್ರ ಫ್ಲೈ, ಒಗದು ಮೀನ ಹಿಡಿಯೋದು) ವಿಡಿಯೋ ನೋಡಿ ನೋಡಿ ಅದರ ಮ್ಯಾಲೂ ಮನಸಾಗೇತಿ, ಆದ್ರ ಒಮ್ಮೆನೂ ಕೈಯಾಗ ಹಿಡದಿಲ್ಲ.

ಸಾಧನಕೇರಿ (ಧಾರವಾಡ):
ಆ ರಾಡ್ ಮನ್ಯಾಗ ಇಟ್ಟು ಹೋಗ್ರಿ. ನಾ ಮೊದಲನೇ ಸಲ ಹೋದಾಗ ಇಂಥಾದ್ದ ಸಾಮಾನು ಒಯ್ದಿದ್ದೆ, ಎರಡು ದಿನ ಒಂದು ಮೀನೂ ಮುಟ್ಟಲಿಲ್ಲ. ನೀರು ಗಾಜಿನಂಗ ಇರ್ತೈತ್ರಿ, ಕಲ್ಲಿನ ಹಿಂದ ಮೀನ ನಿಂತಿದ್ದು ಕಣ್ಣಿಗೆ ಕಾಣಿಸ್ತೈತಿ, ನನ್ನ ದಪ್ಪ ತಂಗೂಸಿ ನೀರಿಗೆ ಬಿದ್ದ ಕೂಡ್ಲೇ ಸರ್ರಂತ ಹೋಗಿಬಿಡ್ತಿದ್ವು. ಮೂರನೇ ದಿನ ಅಲ್ಲಿಯ ಗೈಡ್ ಒಬ್ಬ ತನ್ನ ಸಣ್ಣ ರಾಡ್ ಕೊಟ್ಟ, ಅರ್ಧಾ ತಾಸಿನ್ಯಾಗ ಮೊದಲನೇ ಬ್ರೌನ್ ಟ್ರೌಟ್ ಸಿಕ್ತು, ಕೆಂಪು ಚುಕ್ಕಿ ಮೈ, ಅದನ್ನ ನೋಡಿ ಕೈ ನಡುಗಿದ್ದು ಇನ್ನೂ ನೆನಪೈತಿ.

ನಿಮಗ ಬೇಕಾಗಿದ್ದು 6ರಿಂದ 7 ಫೂಟಿನ ಅಲ್ಟ್ರಾಲೈಟ್ ಇಲ್ಲಾ ಲೈಟ್ ಸ್ಪಿನ್ನಿಂಗ್ ರಾಡ್, 1000 ಇಲ್ಲಾ 2000 ಸೈಜಿನ ಸಣ್ಣ ರೀಲ್, 4ರಿಂದ 6 ಪೌಂಡ್ ತಂಗೂಸಿ, ಅಷ್ಟ. ರೀಲಿನ ಡ್ರ್ಯಾಗ್ (ಮೀನ ಜಗ್ಗಿದಾಗ ತಂಗೂಸಿ ಬಿಡೋ ಬಿಗಿ) ನುಣ್ಣಗ ಬಿಡೂವಂಥಾದ್ದು ನೋಡಿ ತೊಗೋರಿ, ಸಣ್ಣ ಲೈನ್‌ಗೆ ಅದ ಜೀವ, ಉಳದ ರೊಕ್ಕಾ ಅದರ ಮ್ಯಾಲ ಹಾಕ್ರಿ. ಲ್ಯೂರ್, ಅಂದ್ರ ನಕಲಿ ಮೇವು, 3ರಿಂದ 7 ಗ್ರಾಂ ಸ್ಪಿನ್ನರ್ (ನೀರಾಗ ತಿರಗೋ ಹೊಳಪಿನ ತಗಡು), ಮೆಪ್ಸ್ ಕಂಪನಿದು 1 ನಂಬರ್ ಮತ್ತ 2 ನಂಬರ್, ಬಿಸಿಲಿದ್ರ ತಾಮ್ರದ ಬಣ್ಣ, ಮೋಡ ಇದ್ರ ಬೆಳ್ಳಿ. ಸ್ಪಿನ್ನರ್ ತಿರುಗಿದಂಗ ತಂಗೂಸಿ ಹುರಿಗೊಂಡು ಗಂಟಾಗ್ತೈತಿ, ಅದಕ್ಕ ಸಣ್ಣ ಸ್ವಿವೆಲ್ (ತಿರಗೋ ಕೊಂಡಿ) ಮರೀಬ್ಯಾಡ್ರಿ.

ಸಾಮಾನಿಗಿಂತ ದೊಡ್ಡದು ನಿಲ್ಲೋ ಜಾಗಾ. ಕೆರ್‍ಯಾಗ ನಾವು ಒಂದ ಕಡೆ ಕುಂತು ಮೀನ ಬರ್ಲಿ ಅಂತ ಕಾಯ್ತೀವಿ, ಇಲ್ಲಿ ನೀವ ಮೀನಿನ ಕಡೆ ನಡಕೋತ ಹೋಗಬೇಕು. ಟ್ರೌಟ್ ಯಾವಾಗ್ಲೂ ನೀರು ಬರೋ ದಿಕ್ಕಿಗೆ ಮಾರಿ ಮಾಡಿ ನಿಂತಿರ್ತೈತಿ, ಯಾಕಂದ್ರ ತಿನ್ನೋ ಹುಳಾ ಆ ಕಡೆಯಿಂದನ ತೇಲಿ ಬರೋದು. ಹಂಗಾಗಿ ಅದರ ಬೆನ್ನ ಹಿಂದಿಂದ, ಬಗ್ಗಿ, ಮೆಲ್ಲಕ ಹೋಗಿ ಮ್ಯಾಲಕ್ಕ ಒಗೀರಿ, ನೀರಿನ ಓಟಕ್ಕಿಂತ ಜರಾ ಲಗೂನ ಸುತ್ತಿಕೊಳ್ರಿ. ದೊಡ್ಡ ಬಂಡಿಗಲ್ಲಿನ ಹಿಂದಿನ ಮಡು, ಜೋರ್ ನೀರು ನಿಧಾನ ನೀರು ಕೂಡೋ ಗೆರಿ, ದಂಡಿ ಕೆಳಗ ಕೊರದ ಕತ್ತಲ ಜಾಗಾ, ಇವಿಷ್ಟನ್ನ ಹುಡುಕ್ರಿ. ಒಂದು ಕಡೆ ನಾಕೈದು ಸಲ ಒಗದ್ರೂ ಏನೂ ಆಗ್ಲಿಲ್ಲಂದ್ರ ಮುಂದ ನಡೀರಿ.

ನಾಗಾವಿ ಗಾಳಿ (ಗದಗ):
ಸಾಧನಕೇರಿಯವರು ಹೇಳಿದ್ದು ಖರೆ, ಆದ್ರ ಮನಸಿನ್ಯಾಗ ಫ್ಲೈ ಐತಿ ಅಂದ ಮ್ಯಾಲ ಅದನ್ನ ಬಿಟ್ಟು ಹೋಗಬ್ಯಾಡ್ರಿ ಅಂತೀನಿ ನಾ. ಟ್ರೌಟ್ ಹೊಟ್ಟಿ ಕೊಯ್ದು ನೋಡಿದ್ರ ಹೆಚ್ಚಾಗಿ ನೀರಿನ ಹುಳಾನ ಇರ್ತಾವ, ಕಲ್ಲಿನ ಬುಡಕ ಹರದಾಡೋವು. ಆ ಹುಳದಂಗ ಕಾಣೋ ನಿಂಫ್ ಅನ್ನೋ ಫ್ಲೈ ತಳದ ಹತ್ರ ತೇಲಿಸಿಬಿಟ್ರ ಸ್ಪಿನ್ನರ್ ಬೆನ್ನತ್ತದ ಮೀನೂ ತಿಂತೈತಿ. 9 ಫೂಟ್ 5 ವೇಟ್ (ಲೈನಿನ ಭಾರದ ನಂಬರ್) ರಾಡ್, ಫ್ಲೋಟಿಂಗ್ ಲೈನ್ (ತೇಲೋ ದಪ್ಪ ದಾರ), 9 ಫೂಟ್ ಲೀಡರ್ (ಲೈನಿನ ಮುಂದ ಕಟ್ಟೋ ಸಣ್ಣ ತಂಗೂಸಿ), ತುದಿಗೆ 5ಎಕ್ಸ್ ದಪ್ಪದ್ದು. ನಿಂಫ್ ಒಳಗ ಫೆಸೆಂಟ್ ಟೇಲ್, ಹೇರ್ಸ್ ಇಯರ್, ಮ್ಯಾಲ ತೇಲೋದಕ್ಕ ಆಡಮ್ಸ್ ಮತ್ತ ಎಲ್ಕ್ ಹೇರ್ ಕ್ಯಾಡಿಸ್, ಇಷ್ಟರಾಗ ಮೂರು ದಿನ ಆರಾಮ ಕಳೀಬಹುದು.

ಕಷ್ಟ ಅಂದ್ರ ಒಗಿಯೋದು. ಅಲ್ಲಿ ಭಾರ ಇರೋದು ಗಾಳದ ತುದೀಗೆ ಅಲ್ಲ, ಲೈನಿಗೆ, ಕೈ ಅದಕ್ಕ ಹೊಂದ್ಕೋಬೇಕಂದ್ರ ಒಂದು ತಿಂಗಳಾದ್ರೂ ಬೇಕು. ನಾ ಧಾರವಾಡದಾಗ ಓದೂ ಮುಂದ ಮುಂಜಾನೆದ್ದು ಕೆಸಿಡಿ (ಕರ್ನಾಟಕ ಕಾಲೇಜು) ಗ್ರೌಂಡಿಗೆ ಹೋಗಿ ತುದೀಗೆ ಗಾಳದ ಬದ್ಲಿ ಕೆಂಪು ಉಲ್ಲನ್ ತುಂಡು ಕಟ್ಟಿ ಹುಲ್ಲಿನ ಮ್ಯಾಲ ಒಗೀತಿದ್ದೆ, ಹಿಂದಕ್ಕ ಹೋದ ಲೈನ್ ಪೂರ್ತಿ ಬಿಚ್ಚೋ ತನಕಾ ಕಾಯೋದು ಒಂದು ಕಲತ್ರ ಉಳದದ್ದು ತಾನ ಬರ್ತೈತಿ. ನಿಮಗ ಇನ್ನೂ ಟೈಮ್ ಐತಿ, ಶುರು ಮಾಡ್ರಿ.

ಚೌಡಯ್ಯದಾನಪುರ ಹೊಳಿದಂಡಿ (ಹಾವೇರಿ):
ಎರಡೂ ನಡೂ ಒಂದು ದಾರಿ ಐತ್ರಿ. ಸ್ಪಿನ್ನಿಂಗ್ ರಾಡಿಗೇ ನೀರು ತುಂಬೋ ಪಾರದರ್ಶಕ ಬೆಂಡು ಕಟ್ಟಿ, ಅದರ ಮುಂದ 3–4 ಫೂಟು ಸಣ್ಣ ತಂಗೂಸಿ ಬಿಟ್ಟು ತುದೀಗೆ ಫ್ಲೈ ಹಾಕ್ರಿ. ಬೆಂಡಿನ ಭಾರಕ್ಕ ದೂರ ಹೋಗ್ತೈತಿ, ಫ್ಲೈ ತನ್ನ ಪಾಡಿಗೆ ತೇಲ್ತೈತಿ. 6000ದಾಗ ಎರಡೂ ಆಸೆ ತೀರ್ತಾವ.

ಮತ್ತ ಲೈಸೆನ್ಸ್ ಇಲ್ಲದಂಗ ನೀರಿಗೆ ಇಳೀಬ್ಯಾಡ್ರಿ, ಅಲ್ಲಿಯ ಮೀನುಗಾರಿಕೆ ಇಲಾಖೆಯಿಂದ ದಿನದ ಲೆಕ್ಕದ್ದು ಸಿಗ್ತೈತಿ, ಅದರ ಮ್ಯಾಲ ಬರದ ನಿಯಮ ಓದ್ಕೋರಿ. ನವೆಂಬರ್ 1ರಿಂದ ಫೆಬ್ರವರಿ ಕಡೀತನಕಾ ಅಲ್ಲಿ ಟ್ರೌಟ್ ಹಿಡಿಯೋದು ಬಂದ್, ತತ್ತಿ ಇಡೋ ಕಾಲ ಅದು, ನೀವು ಏಪ್ರಿಲ್ ಆರಿಸಿದ್ದು ಚಲೋ ಆತು. ಬ್ರೌನ್ ಟ್ರೌಟ್ ಆ ಹೊಳಿಯ ಮೂಲ ಮೀನಲ್ಲ, ಬ್ರಿಟಿಷರ ಕಾಲಕ್ಕ ಯುರೋಪಿನಿಂದ ಮೊದಲು ಕಾಶ್ಮೀರಕ್ಕ ತಂದ್ರು, ಅಲ್ಲಿಂದ 1909ರ ಸುಮಾರಿಗೆ ಕುಲ್ಲು ಕಡೆ ಬಂತು. ಆದ್ರ ಈಗ ಆ ಕಣಿವಿಯ ಎಷ್ಟೋ ಮನಿ ಇದರ ಮ್ಯಾಲ ನಡೀತಾವ. ಹಂಗಾಗಿ ಗಾಳದ ಹಿಮ್ಮುಳ್ಳು ಇಕ್ಕಳದಾಗ ಒತ್ತಿ ಬಿಡ್ರಿ, ಮೂರು ಮುಳ್ಳಿನ ಗಾಳ ತಗದು ಒಂಟಿ ಹಾಕ್ರಿ, ಬಿಡೋ ಮೀನನ್ನ ಒಣ ಕೈಲೆ ಮುಟ್ಟಬ್ಯಾಡ್ರಿ, ಮೈ ಮ್ಯಾಲಿನ ಲೋಳಿ ಹೋದ್ರ ರೋಗ ಹತ್ತತೈತಿ.

ಉಣಕಲ್ ದಂಡಿಯಂವ (ಹುಬ್ಬಳ್ಳಿ):
ಎಲ್ಲಾರ್ಗೂ ಭಾಳ ಧನ್ಯವಾದ್ರೀ. ಲೈಟ್ ರಾಡ್ ಮತ್ತ ಬೆಂಡು, ಎರಡೂ ತೊಗೋತೀನಿ. ಇನ್ನೊಂದು, ದಿನದಾಗ ಯಾವ ಹೊತ್ತು ಚಲೋ? ಕೆರ್‍ಯಾಗ ನಾವು ನಸುಕಿನ್ಯಾಗ ಹೋಗ್ತೀವಿ.

ಸಾಧನಕೇರಿ (ಧಾರವಾಡ):
ಏಪ್ರಿಲ್‌ದಾಗ ನಸುಕಿನ್ಯಾಗ ನೀರು ಕೊರೀತಿರ್ತೈತಿ, ಮೀನ ಮಂದ ಇರ್ತಾವ. ಬಿಸಿಲು ನೀರಿಗೆ ಬಿದ್ದ ಮ್ಯಾಲ, 9ರ ಸುಮಾರಿಗೆ ಶುರು ಮಾಡ್ರಿ. ಆದ್ರ ಬಿಸಿಲು ಏರಿದಂಗ ಮ್ಯಾಲಿನ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ಹೊಳಿ ಉಬ್ಬಿ ಕಲಕಾಗಬಹುದು, ಹೊಳಿ ನಡುವಿನ ಕಲ್ಲಿನ ಮ್ಯಾಲ ನಿಂತಿದ್ರ ಲಗೂನ ದಂಡೀಗೆ ಬರ್ರಿ, ಆ ನೀರಿನ ಸೆಳವು ನಮ್ಮ ವರದಾ ಹೊಳಿಯಂಗಲ್ಲ. ಪೋಲರೈಜ್ಡ್ ಕನ್ನಡಕ ಒಯ್ರಿ, ನೀರೊಳಗಿನ ಮೀನೂ ಕಾಣ್ತೈತಿ, ಕಾಲಿಡೋ ಕಲ್ಲೂ ಕಾಣ್ತೈತಿ. ಹೋಗಿ ಬಂದು ಫೋಟೋ ಹಾಕ್ರಿ ಮತ್ತ.